ಅಳತೆ ತಪ್ಪಿದ ಬೊಂಬೆ

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ಮಾಡಿ ಮೂರು ವರ್ಷವಾಯಿತು. ಅಲ್ಲಿ ಈಗ ರೈಲು ಓಡುತ್ತದೆ. ನಮ್ಮ ಯಜಮಾನರ ರೈಲು. ಎರಡು ಸುರಂಗ, ಒಂದು ಸೇತುವೆ, ಒಂದು ಗುಡ್ಡ, ಹದಿನೇಳು ಮರ, ಗೇಟಿನ ಮುಂದೆ ಮೂರು ವರ್ಷದಿಂದ ಕಾಯುತ್ತಿರುವ ಒಂದು ಕೆಂಪು ಲಾರಿ. ಎಲ್ಲವೂ ಅಸಲಿನ ಎಂಬತ್ತೇಳರಲ್ಲೊಂದು ಪಾಲಂತೆ. (ಕಟ್ಟಿದವರ ಬುದ್ಧಿಯೂ ಅದೇ ಅಳತೆಯದು ಎಂಬುದು ನನ್ನ ಸ್ವಂತ ಅಭಿಪ್ರಾಯ.)

ನಾನು ಹೊಲಿಗೆಯವಳು. ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಬಟ್ಟೆ ಕತ್ತರಿಸಲು ಅಗಲವಾದ ಮೇಜು ಬೇಕು. ಇದ್ದೊಂದು ಮೇಜು ರೈಲಿನ ಪಾಲಾದ ಮೇಲೆ ನೆಲದ ಮೇಲೆ ಮಂಡಿಯೂರಿ ಕತ್ತರಿ ಆಡಿಸುತ್ತಿದ್ದೇನೆ. ಏಳುವಾಗ ಮಂಡಿ ಲಟಕ್ ಎಂದರೆ ಯಜಮಾನರು ಕಿವಿಗೊಟ್ಟು ಕೇಳಿ, "ಹಳಿ ಜೋಡಣೆ ಮೇಲೆ ಚಕ್ರ ಹೋದ ಹಾಗೇ ಇದೆ ಕಣೇ" ಎಂದು ಮೆಚ್ಚುತ್ತಾರೆ.

ಓಡಿಸಿ ಸುಮ್ಮನಿದ್ದಿದ್ದರೆ ಹೇಗೋ ಸಹಿಸುತ್ತಿದ್ದೆ. ಫೋಟೋ ಬೇರೆ ತೆಗೆಯಬೇಕು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕಂಡವರ ಕಣ್ಣು ಪರೀಕ್ಷಿಸಿ ಬರುವ ಈ ಮಹಾಶಯರು ಸಂಜೆ ಮೇಜಿನ ಅಂಚಿಗೆ ಗಲ್ಲ ಒತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಫೋನು ಒತ್ತುತ್ತಾರೆ. ಆ ಫೋಟೋ ರೈಲು ಪ್ರೇಮಿಗಳ ಗುಂಪಿಗೆ ಹೋಗುತ್ತದೆ. ಅಲ್ಲಿ ನಾನೂರ ಹನ್ನೆರಡು ಗಂಡಸರಿದ್ದಾರೆ. ಎರಡು ವಿಭಾಗಗಳಿವೆ: ಒಂದರಲ್ಲಿ ಆಟಿಕೆ ರೈಲಿನ ಫೋಟೋ, ಇನ್ನೊಂದರಲ್ಲಿ ಅಸಲಿಯದು. ಆಟಿಕೆಯವರು ತಮ್ಮದು ಅಸಲಿಯಂತೆ ಕಾಣಲಿ ಎಂದು ಒದ್ದಾಡುತ್ತಾರೆ. ಅಸಲಿಯವರು ಬಿಸಿಲಲ್ಲಿ ಮೂರು ಗಂಟೆ ಕಾದು ಸಾಮಾನು ಗಾಡಿಯ ಹಿಂಭಾಗದ ಫೋಟೋ ತೆಗೆದು ಕಳಿಸುತ್ತಾರೆ. ಅದಕ್ಕೆ ಉಳಿದವರೆಲ್ಲ "ಅದ್ಭುತ" ಎಂದು ಬರೆಯುತ್ತಾರೆ. ಹೆಂಡತಿ ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ನಿಂತಾಗ ಇವರಲ್ಲಿ ಒಬ್ಬನ ಬಾಯಿಂದಲೂ ಈ ಪದ ಹೊರಟಿರಲಾರದು.

ಗುಂಪಿಗೊಬ್ಬ ಹಿರಿಯರು. ಎಲ್ಲರೂ ಅವರನ್ನು ಗಾರ್ಡ್ ಸಾಹೇಬರು ಎನ್ನುತ್ತಾರೆ. ರೈಲಿನಲ್ಲಿ ಅವರು ಒಂದು ದಿನವೂ ಕೆಲಸ ಮಾಡಿದವರಲ್ಲ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆದರೂ ಅವರು ಹೇಳಿದ್ದೇ ತೀರ್ಪು. ಹೋದ ತಿಂಗಳು ಅವರು "ಮರಗಳ ಹಸಿರು ಹೆಚ್ಚಾಯಿತು" ಎಂದು ಒಂದು ಸಾಲು ಬರೆದರು. ನಮ್ಮವರು ಒಂದು ಇಡೀ ರಜಾದಿನ ಕೂತು ಹದಿನೇಳು ಮರಕ್ಕೂ ಮತ್ತೆ ಬಣ್ಣ ಬಳಿದರು. ಅಡುಗೆಮನೆಯ ಗೋಡೆಗೆ ಬಣ್ಣ ಹೊಡೆಯಿರಿ ಎಂದು ನಾನು ಎರಡು ವರ್ಷದಿಂದ ಹೇಳುತ್ತಿದ್ದೇನೆ.

ಮಾರನೆ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ.

"ಆ ಮುದುಕರಿಗೆ ಏನು ಗೊತ್ತಾಗತ್ತೆ ರೀ? ನಿಜವಾದ ರೈಲು ತೋರಿಸಿದ್ರೂ ಬಣ್ಣ ಸರಿಯಿಲ್ಲ ಅಂತಾರೆ."

"ಗಾರ್ಡ್ ಸಾಹೇಬ್ರ ಕಣ್ಣು ತಪ್ಪೋ ಮಾತೇ ಇಲ್ಲ."

"ತಪ್ಪಿದ್ರೆ?"

"ತಪ್ಪಿದ್ರೆ ಮೇಜು ಖಾಲಿ ಮಾಡ್ತೀನಿ," ಎಂದರು ಯಜಮಾನರು.

ಕಾಲೇಜಿಗೆ ಹೊರಟಿದ್ದ ಮಗಳನ್ನು ನಿಲ್ಲಿಸಿ ಸಾಕ್ಷಿ ಮಾಡಿಕೊಂಡೆ.

ಮರುದಿನ ಮಧ್ಯಾಹ್ನ ತಾಯಿ ಮಗಳು ಸ್ಟೇಷನ್ನಿಗೆ ಹೋದೆವು. ಮಗಳು ಮೇಲ್ಸೇತುವೆ ಹತ್ತಿದಳು. ಅಲ್ಲಿಂದ ಕೆಳಗೆ ನೋಡಿದರೆ ಎಲ್ಲವೂ ಚಿಕ್ಕದು. ಸಾಲದ್ದಕ್ಕೆ ಅವಳ ಫೋನಿನಲ್ಲಿ ಚಿತ್ರದ ಮೇಲ್ಭಾಗ ಕೆಳಭಾಗ ಮಬ್ಬು ಮಾಡುವ ಉಪಾಯವೊಂದಿತ್ತು. ಹಾಗೆ ಮಾಡಿದರೆ ನಿಜವಾದ ಊರೂ ಬೊಂಬೆಗಳ ಊರಿನಂತೆ ಕಾಣುತ್ತದೆ. ಆಮೇಲೆ ಯಾರೂ ಇದು ಆಟಿಕೆಯೇ ಎಂದು ವಾದಿಸಬಾರದಲ್ಲ, ಅದಕ್ಕೆ ಜೀವಂತ ಪುರಾವೆಯಾಗಿ ನಾನೇ ಗಡಿಯಾರದ ಕೆಳಗೆ, ರೈಲಿನ ಬಾಗಿಲಿನ ಪಕ್ಕ ನಿಂತೆ. ನಾನೇ ಹೊಲಿದುಕೊಂಡ ಹಳದಿ ಕೋಟು ಹಾಕಿದ್ದೆ. ನನ್ನ ಕೈಕೆಲಸದಲ್ಲೇ ಅದು ಶ್ರೇಷ್ಠವಾದದ್ದು.

ಸಂಜೆ ಯಜಮಾನರ ಎದುರೇ, ಅವರ ಫೋನಿನಿಂದ ಆ ಫೋಟೋವನ್ನು ಆಟಿಕೆ ವಿಭಾಗಕ್ಕೆ ಹಾಕಿ, "ಸ್ಟೇಷನ್. ಅಭಿಪ್ರಾಯ ತಿಳಿಸಿ" ಎಂದಷ್ಟೇ ಬರೆದೆ. ಅದರಲ್ಲಿ ಸುಳ್ಳೇನೂ ಇಲ್ಲ.

ಹತ್ತು ನಿಮಿಷದಲ್ಲಿ ಅಭಿಪ್ರಾಯಗಳು ಬರತೊಡಗಿದವು. ಯಜಮಾನರು ಓದಿದರು, ನಾನು ಮಂಡಿ ಚಾಚಿ ಕೂತು ಕೇಳಿದೆ. ಹಳಿಯ ತುಕ್ಕಿಗೆ ಬಣ್ಣ ಅತಿಯಾಯಿತು, ನಿಜವಾದ ತುಕ್ಕು ಹಾಗಿರುವುದಿಲ್ಲ ಎಂದರು ಒಬ್ಬರು. ನೀರಿನ ಹೊಂಡ ಅಂಟಿನಿಂದ ಮಾಡಿದ್ದೆಂದು ದೂರದಿಂದಲೇ ಗೊತ್ತಾಗುತ್ತದೆ ಎಂದರು ಇನ್ನೊಬ್ಬರು. ಮಲಗಿದ್ದ ನಾಯಿಯ ಕಾಲು ಸಹಜವಾಗಿಲ್ಲ ಎಂದರು ಮತ್ತೊಬ್ಬರು. ನಾನು ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡೆ. ಮೇಜಿನ ಮೇಲೆ ಮೊದಲು ಯಾವ ಬಟ್ಟೆ ಹಾಸಬೇಕೆಂದೂ ಯೋಚಿಸಿಟ್ಟೆ.

ಆಗ ಗಾರ್ಡ್ ಸಾಹೇಬರ ತೀರ್ಪು ಬಂತು. ಯಜಮಾನರು ಓದಲು ಶುರುಮಾಡಿ ನಡುವೆ ನಿಲ್ಲಿಸಿದರು.

"ಓದಿ ರೀ."

"ಬೇಡ ಬಿಡು."

ಮಗಳು ಫೋನು ಕಿತ್ತುಕೊಂಡು ಓದಿದಳು: "ಒಟ್ಟಿನಲ್ಲಿ ಉತ್ತಮ ಕೆಲಸ. ಆದರೆ ಗಡಿಯಾರದ ಕೆಳಗಿನ ಹೆಂಗಸಿನ ಬೊಂಬೆ ಅಳತೆ ತಪ್ಪಿದೆ. ಯಾವುದೋ ದೊಡ್ಡ ಅಳತೆಯ ಸೆಟ್ಟಿನಿಂದ ತಂದಿಟ್ಟಂತಿದೆ. ಪಕ್ಕದ ಬಾಗಿಲಿನಲ್ಲಿ ಅದು ಹಿಡಿಸುವುದೇ ಇಲ್ಲ. ಹೊಸಬರು ಮಾಡುವ ತಪ್ಪು."

ಹಿರಿಯರು ದಾರಿ ತೋರಿಸಿದ ಮೇಲೆ ಉಳಿದವರಿಗೆ ಕೇಳಬೇಕೆ? ಮುಖಕ್ಕೆ ಬಣ್ಣ ಹಚ್ಚಿದವರು ಹುಬ್ಬು ಗಂಟಿಕ್ಕಿಸಿಬಿಟ್ಟಿದ್ದಾರೆ ಎಂದರು. ಕೋಟು ದಪ್ಪ ರಟ್ಟಿನಿಂದ ಮಾಡಿದಂತಿದೆ, ನಿಜವಾದ ಬಟ್ಟೆ ಹಾಗೆ ಇಳಿಬೀಳುವುದಿಲ್ಲ ಎಂದರು. ಅದನ್ನು ಕಿತ್ತು ಅಲ್ಲೊಂದು ತಳ್ಳುಗಾಡಿ ಇಡಿ, ಜಾಗ ಸರಿಹೋಗುತ್ತದೆ ಎಂದು ಒಬ್ಬ ಪುಣ್ಯಾತ್ಮ ಸಲಹೆ ಕೊಟ್ಟ. ಇಪ್ಪತ್ತು ವರ್ಷದಿಂದ ಊರಿನ ಹೆಂಗಸರ ಸೊಂಟಕ್ಕೆ ಟೇಪು ಸುತ್ತಿ, ಬರೆದುಕೊಳ್ಳುವಾಗ ಒಳಗೊಳಗೇ ನಕ್ಕವಳು ನಾನು. ನನ್ನನ್ನೇ ಅಳೆಯಲು ನಾನೂರ ಹನ್ನೆರಡು ಜನ ಸಾಲುಗಟ್ಟಿದ್ದರು.

ಯಜಮಾನರು ಗಂಭೀರವಾಗಿ ಏನೋ ಬರೆದರು. ಇಣುಕಿ ನೋಡಿದೆ. "ಸಲಹೆಗೆ ಧನ್ಯವಾದ. ಅಂಟು ಗಟ್ಟಿಯಾಗಿದೆ, ಕೀಳೋಕಾಗಲ್ಲ" ಎಂದಿತ್ತು.

"ನೀನೇ ಗೆದ್ದೆ ಅಮ್ಮ," ಎಂದಳು ಮಗಳು. "ಇದು ನಿಜವಾದ ಸ್ಟೇಷನ್ನು ಅಂತ ಬರೆದುಬಿಡು, ಮೇಜು ನಿಂದೇ."

"ಬರೆದ್ರೆ ಬೊಂಬೆ ಯಾರು ಅಂತ ಕೇಳ್ತಾರೆ."

"ಕೇಳಲಿ ಬಿಡು."

"ನನ್ನ ಹತ್ರ ಬಟ್ಟೆ ಹೊಲಿಸೋ ಮೂವರ ಗಂಡಂದಿರು ಆ ಗುಂಪಲ್ಲಿದ್ದಾರೆ ಕಣೇ."

ಬಾಯಿ ಮುಚ್ಚಿಕೊಂಡೆ. ಗೆದ್ದ ಮೇಜನ್ನು ಬಿಟ್ಟುಕೊಟ್ಟೆ. ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಬುಧವಾರ ಗಾರ್ಡ್ ಸಾಹೇಬರು ನಮ್ಮ ಸ್ಟೇಷನ್ ಈ ತಿಂಗಳ ಶ್ರೇಷ್ಠ ರಚನೆ ಎಂದು ಘೋಷಿಸಿ, ಭಾನುವಾರ ಇಬ್ಬರನ್ನು ಕರೆದುಕೊಂಡು ಖುದ್ದಾಗಿ ನೋಡಲು ಬರುತ್ತೇನೆ ಎಂದು ಬರೆದರು.

"ನಿಜ ಹೇಳಿಬಿಡ್ತೀನಿ," ಎಂದರು ಯಜಮಾನರು.

"ಹೇಳಿ ನೋಡಿ, ಆಮೇಲೆ ನಿಮ್ಮ ರೈಲು ಹಿತ್ತಲಲ್ಲಿ ಓಡತ್ತೆ."

"ಹಾಗಾದ್ರೆ ಸ್ಟೇಷನ್ ಎಲ್ಲಿಂದ ತರ್ಲಿ?"

ತರುವುದೇನು, ಕಟ್ಟಿದೆವು. ಗುಡ್ಡವನ್ನು ಅಗೆದು ಪ್ಲಾಟ್‌ಫಾರಂ ಮಾಡಿದೆವು. ಯಜಮಾನರು ಕನ್ನಡಕದಂಗಡಿಗೆ ರಜೆ ಹಾಕಿದರು. ನಾನು ಎರಡು ಮದುವೆ ಬಟ್ಟೆಗಳನ್ನು ಮೂಲೆಗೆ ಸರಿಸಿ, ಬೆಂಕಿಕಡ್ಡಿ ಸೀಳಿ ಬೆಂಚು ಮಾಡಿದೆ, ಗುಂಡಿಯ ಮೇಲೆ ಮುಳ್ಳು ಬರೆದು ಗಡಿಯಾರ ಮಾಡಿದೆ. ಶುಕ್ರವಾರದ ಹೊತ್ತಿಗೆ, "ಇದೇನು ತುಕ್ಕು ರೀ, ಬಣ್ಣ ಬಳಿದ ಹಾಗೇ ಇದೆ, ಅಳಿಸಿ ಮತ್ತೆ ಹಚ್ಚಿ" ಎಂದು ಯಾರೋ ಗದರುವುದು ಕೇಳಿಸಿತು. ನನ್ನದೇ ದನಿ.

ಹಳದಿ ಕೋಟಿನವಳನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಒಂದು ಗುಂಡುಸೂಜಿ ತೆಗೆದುಕೊಂಡೆ. ಅದರ ತಲೆಯೇ ತಲೆ. ಮೈಗೆ ನೂಲು ಸುತ್ತಿ, ನನ್ನ ಕೋಟಿನ ಚೂರಿನಿಂದಲೇ ಕೋಟು ಹೊಲಿದು ತೊಡಿಸಿದೆ. ಸೊಂಟ ಇರಬೇಕಾದಲ್ಲಿ ಸೊಂಟವಿತ್ತು. ಮುಖಕ್ಕೆ ಸಣ್ಣ ನಗು ಬರೆದೆ. ಗಡಿಯಾರದ ಕೆಳಗೆ ಅವಳನ್ನು ಚುಚ್ಚಿ ನಿಲ್ಲಿಸಿ, ಮೂರು ಸಲ ದೂರ ಹೋಗಿ ನೋಡಿದೆ.

ಭಾನುವಾರ ಗಾರ್ಡ್ ಸಾಹೇಬರು ಬಂದರು. ಮೇಜಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಭೂತಗನ್ನಡಿ ಹಿಡಿದು ಬಗ್ಗಿದರು. ತುಕ್ಕು ಈಗ ಸಹಜವಾಗಿದೆ ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹೇಳಲು ನಾಚಿಕೆ, ಎದೆ ಉಬ್ಬಿತು.

"ಬೊಂಬೆ ಬದಲಾಯಿಸಿದ್ದೀರಿ," ಎಂದರು ಸಾಹೇಬರು.

"ನೀವು ಹೇಳಿದ ಮೇಲೆ..." ಎಂದು ಯಜಮಾನರು ತಡವರಿಸಿದರು.

ನಾನು ಕಾಫಿ ಟ್ರೇ ಹಿಡಿದು ಒಳಗೆ ಹೋದೆ. ಸಾಹೇಬರು ನೆಟ್ಟಗಾದರು. ನನ್ನನ್ನು ನೋಡಿದರು. ಗುಂಡುಸೂಜಿಯನ್ನು ನೋಡಿದರು. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ನನ್ನನ್ನು ನೋಡಿದರು.

"ತಪ್ಪು ನಂದು," ಎಂದರು ಪ್ರಾಮಾಣಿಕವಾಗಿ. "ಮೊದಲಿನದೇ ಅಳತೆ ಸರಿಯಿತ್ತು. ಅದನ್ನೇ ವಾಪಸ್ ಇಡಿ."

"ಆಗಲಿ ಸಾರ್," ಎಂದರು ನಮ್ಮ ಯಜಮಾನರು.

ಜೊತೆಗೆ ಬಂದಿದ್ದ ಇಬ್ಬರು ಫೋನು ಹೊರತೆಗೆದು, ಗುಂಪಿನವರಿಗೆ ಹೋಲಿಸಿ ನೋಡಲು ಅನುಕೂಲ, ನಿಮ್ಮದೊಂದು ಫೋಟೋ ತೆಗೆದುಕೊಳ್ಳಬಹುದೇ ಎಂದು ವಿನಯದಿಂದ ನನ್ನನ್ನು ಕೇಳಿದರು. ನಾನು ಟ್ರೇ ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದೆ. ಸಂಕೋಚವಿರಬೇಕೆಂದು ಭಾವಿಸಿ ಅವರಲ್ಲೊಬ್ಬರು ಸಮಾಧಾನ ಹೇಳಿದರು:

"ಅಸಲಿ ವಿಭಾಗದಲ್ಲೇ ಹಾಕ್ತೀವಿ ಮೇಡಂ."