ಜ್ವರಾರಿಯ ಕೆಂಪು ಕಣ್ಣು

ಪಾಲಿಟೆಕ್ನಿಕ್ಕಿನ ಲ್ಯಾಬಿನಿಂದ ನಿವೃತ್ತರಾದ ದಿನದಿಂದ ನಮ್ಮ ಯಜಮಾನರು ಚಂದ್ರಮೌಳಿಯವರು ಮನೆಯಲ್ಲಿ ಯಂತ್ರ ಕಟ್ಟುತ್ತಿದ್ದಾರೆ. ಅವುಗಳಲ್ಲಿ ಹೆಚ್ಚಿನವನ್ನು ಅರ್ಧದಲ್ಲೇ ಆಫ್ ಮಾಡಿ ಮನೆ ಉಳಿಸಿದವಳು ನಾನು. ಈ ಸಲದ್ದನ್ನು ಮಾತ್ರ ಆಫ್ ಮಾಡಲಾಗಲಿಲ್ಲ.

ಕಾಯಿಲೆ ಇದ್ದದ್ದು ನನ್ನ ಕಂಪ್ಯೂಟರಿಗೆ. ನಾನು ಮನೆಯಲ್ಲೇ ಕೂತು ಪ್ರೆಸ್ಸಿಗೆ ಪುಸ್ತಕ ಟೈಪ್ ಮಾಡಿಕೊಡುವವಳು. ಎರಡು ಪುಟ ಆಗುವಷ್ಟರಲ್ಲಿ ಡಬ್ಬ ಕಾದ ಹಂಚಿನಂತಾಗಿ ತಾನಾಗಿಯೇ ಆಫ್ ಆಗುತ್ತಿತ್ತು. ರಿಪೇರಿಯವನನ್ನು ಕರೆಯಿರಿ ಎಂದದ್ದಕ್ಕೆ ಇವರಿಗೆ ಅವಮಾನವಾಯಿತು. ಹದಿನೈದು ದಿನ ಮಹಡಿ ಸೇರಿಕೊಂಡು, ಒಂದು ಬೆಳಿಗ್ಗೆ ಕೆಂಪು ಕಣ್ಣಿನ ಪೆಟ್ಟಿಗೆಯೊಂದನ್ನು ತಂದು ಹಾಲಿನ ನಡುವೆ ಸ್ಟೂಲಿನ ಮೇಲಿಟ್ಟರು.

“ಜ್ವರಾರಿ,” ಎಂದರು. “ಎಲ್ಲಿ ಬಿಸಿ ಏರ್ತಿದೆ ಅಂತ ತಾನೇ ಹುಡುಕತ್ತೆ. ಮೂವತ್ತೇಳೂವರೆ ಡಿಗ್ರಿ ಮುಟ್ಟಿದ್ರೆ ದೂರದಿಂದ್ಲೇ ಆಫ್ ಮಾಡತ್ತೆ. ತಣ್ಣಗಾದ್ಮೇಲೆ ತಾನೇ ಆನ್ ಮಾಡತ್ತೆ.”

ಕಣ್ಣು ಮೆಲ್ಲಗೆ ತಿರುಗಿತು. “ಕಂಪ್ಯೂಟರ್. ಎಂಬತ್ತೆಂಟು. ವಿಶ್ರಾಂತಿ.” ಎಂದಿತು ಪೆಟ್ಟಿಗೆ. ಪರದೆ ಕಪ್ಪಾಯಿತು.

“ಅದು ತಾನಾಗೇ ಆಫ್ ಆಗ್ತಿತ್ತಲ್ರೀ. ಅದಕ್ಕೆ ಇನ್ನೊಂದು ಮೆಷೀನು ಬೇಕಿತ್ತಾ?”

“ಆಗ ಕಾಯಿಲೆಯಿಂದ ಆಫ್ ಆಗ್ತಿತ್ತು ಕಣೆ. ಇದು ಚಿಕಿತ್ಸೆ.”

ಕಣ್ಣು ಅಡುಗೆಮನೆಯತ್ತ ತಿರುಗಿತು. “ಒಲೆ. ಇನ್ನೂರು. ವಿಶ್ರಾಂತಿ.” ಉಕ್ಕಿ ಬರುತ್ತಿದ್ದ ಹಾಲು ಸುಮ್ಮನೆ ಇಳಿಯಿತು. ಆಮೇಲೆ ಅದು ಕಿಟಕಿಯಾಚೆ ನೋಡಿತು. ಗೇಟಿನ ಬಳಿ ಕರಿಯ ಎಂಬ ಬೀದಿನಾಯಿ ಕಾಲೆತ್ತಿ ಕಿವಿ ಕೆರೆದುಕೊಳ್ಳುತ್ತಿತ್ತು.

“ನಾಯಿ. ಮೂವತ್ತೆಂಟೂವರೆ. ವಿಶ್ರಾಂತಿ.”

ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು.

“ರೀ, ಅದಕ್ಕೇನಾಯ್ತು?”

“ನಾಯಿ ಮೈಬಿಸಿ ಯಾವಾಗ್ಲೂ ಅಷ್ಟಿರತ್ತೆ. ಮರೆತೇ ಹೋಯ್ತು.” ಇವರ ದನಿ ಸಣ್ಣಗಾಗಿತ್ತು. “ತಣ್ಣಗಾದ್ಮೇಲೆ ಏಳತ್ತೆ.”

“ಜೀವ ಇರೋದು ತಣ್ಣಗಾದ್ರೆ ಅದಕ್ಕೆ ಏನಂತಾರ್ರೀ?”

ಅವರು ಕಿಟಕಿಗೆ ಮುಖವಿಟ್ಟು ಕರಿಯನನ್ನೇ ನೋಡತೊಡಗಿದರು.

“ಸ್ವಿಚ್ ಎಲ್ಲಿದೆ?”

“ಇಟ್ಟಿಲ್ಲ. ನನ್ನ ಎಲ್ಲಾ ಮೆಷೀನನ್ನೂ ನೀನು ಅರ್ಧಕ್ಕೇ ಆಫ್ ಮಾಡ್ತೀಯಲ್ಲ.”

“ಬ್ಯಾಟರಿ?”

“ಹನ್ನೊಂದು ವರ್ಷ ಬರತ್ತೆ,” ಎಂದರು, ಆ ಹೊತ್ತಿನಲ್ಲೂ ಹೆಮ್ಮೆಯಿಂದ.

ನನಗೆ ಕೋಪ ನೆತ್ತಿಗೇರಿತು. ಕಣ್ಣು ತಟ್ಟನೆ ನನ್ನತ್ತ ಹೊರಳಿತು. “ಹೆಂಗಸು. ಮೂವತ್ತೇಳು.” ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. “ಪರವಾಗಿಲ್ಲ ಬಿಡಿ. ಎಷ್ಟು ಚೆನ್ನಾಗಿ ಮಾಡಿದೀರಿ,” ಎಂದೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಷ್ಟು ಮೆತ್ತಗೆ ಮಾತಾಡಿದವಳಲ್ಲ. “ಮೂವತ್ತಾರೂಮುಕ್ಕಾಲು,” ಎಂದಿತು ಅದು.

ಇವರು ಬೆಡ್‌ಶೀಟ್ ಹಿಡಿದು ಅದನ್ನು ಮುಚ್ಚಲು ಹೊರಟರು. ಗಾಬರಿಗೆ ಮುಖ ಕೆಂಪೇರಿತ್ತು. ಎರಡು ಹೆಜ್ಜೆ ಹಾಕುವಷ್ಟರಲ್ಲಿ, “ಗಂಡಸು. ಮೂವತ್ತೇಳೂವರೆ. ವಿಶ್ರಾಂತಿ.”

ಬೆಡ್‌ಶೀಟ್ ಹಿಡಿದಂತೆಯೇ ನಿಂತುಬಿಟ್ಟರು. ಅವರ ಕಣ್ಣು ತೆರೆದೇ ಇತ್ತು, ರೆಪ್ಪೆ ಆಡುತ್ತಿರಲಿಲ್ಲ. ಮೂಗಿನ ಬಳಿ ಬೆರಳಿಟ್ಟೆ. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಿತ್ತು. ಈ ಮನುಷ್ಯನನ್ನು ದಿನವೂ ಬೈದಿದ್ದೇನೆ, ಇವರಿಲ್ಲದ ಮನೆಯನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಅದೇ ಹೊತ್ತಿಗೆ ನನಗೂ ಶುರುವಾಯಿತು. ಮುಟ್ಟು ನಿಲ್ಲುವ ವಯಸ್ಸಿನ ಬಿಸಿ. ಎರಡು ವರ್ಷದಿಂದ ಹೇಳದೆ ಕೇಳದೆ ಎದೆಯಿಂದ ಕಿವಿಗೆ ಏರುತ್ತದೆ. “ಹೆಂಗಸು. ಮೂವತ್ತೇಳೂಕಾಲು.” ನಾನೂ ನಿಂತುಹೋದರೆ ಇವರನ್ನು ಎಬ್ಬಿಸುವವರು ಯಾರು?

ಕಂಪ್ಯೂಟರ್ ಅಷ್ಟರಲ್ಲಿ ತಣ್ಣಗಾಗಿ ಮತ್ತೆ ಆನ್ ಆಗಿತ್ತು. ಮಂಚದ ಮೇಲಿದ್ದ ರಜಾಯಿ ಎಳೆದು ಅದರ ಮೇಲೆ ಹೊದಿಸಿದೆ. ಡಬ್ಬ ಗೊರಗೊರ ಎಂದಿತು. ಕೆಂಪು ಕಣ್ಣು ನನ್ನನ್ನು ಬಿಟ್ಟು ಅತ್ತ ತಿರುಗಿತು. “ಕಂಪ್ಯೂಟರ್. ತೊಂಬತ್ತೊಂದು. ವಿಶ್ರಾಂತಿ.” ಆಫ್ ಆದರೂ ರಜಾಯಿಯೊಳಗಿನ ಕಾವು ಇಳಿಯಲಿಲ್ಲ, ಕಣ್ಣು ಅಲ್ಲಿಂದ ಕದಲಲಿಲ್ಲ.

ಮೊರದಿಂದ ಗಾಳಿ ಬೀಸಿ ಬೀಸಿ ಇವರನ್ನು ಎಬ್ಬಿಸಿದೆ. ಕರಿಯನ ಮೇಲೆ ಒಂದು ಬಕೆಟ್ ನೀರು ಸುರಿದೆ. ಆಮೇಲೆ ಕೂತು ಅತ್ತೆ, ಜೋರಾಗಿ ಅಲ್ಲ.

ಇದಾಗಿ ನಾಲ್ಕು ತಿಂಗಳು. ಪೆಟ್ಟಿಗೆಯ ಹತ್ತಿರ ಹೋದರೆ ಕಣ್ಣು ನಮ್ಮತ್ತ ಹೊರಳೀತೆಂದು ಅದನ್ನು ಮುಟ್ಟುವ ಧೈರ್ಯ ಇಬ್ಬರಿಗೂ ಇಲ್ಲ. ಒಲೆ ಹಚ್ಚುವಂತಿಲ್ಲವಾದ್ದರಿಂದ ಅವಲಕ್ಕಿ, ಕೋಸಂಬರಿ ತಿನ್ನುತ್ತೇವೆ. ಜಗಳ ಬಂದರೆ ಪಾರ್ಕಿಗೆ ಹೋಗಿ ಆಡಿ ಬರುತ್ತೇವೆ. ಕಂಪ್ಯೂಟರ್ ಮಾತ್ರ, ಕಣ್ಣು ನಮ್ಮತ್ತ ತಿರುಗದಂತೆ, ಹಗಲೂ ರಾತ್ರಿ ರಜಾಯಿಯೊಳಗೆ ಕಾಯುತ್ತಿರುತ್ತದೆ.

ಕಳೆದ ವಾರ ಪ್ರೆಸ್ಸಿನವರೇ ರಿಪೇರಿಯವನನ್ನು ಕಳಿಸಿಬಿಟ್ಟರು. ಅವನು ಡಬ್ಬ ಬಿಚ್ಚಿ ನಕ್ಕ. “ಅಮ್ಮಾ, ಒಂಬತ್ತು ವರ್ಷದ ಆಯುಧಪೂಜೆ ವಿಭೂತಿ ಎಲ್ಲಾ ಫ್ಯಾನಲ್ಲೇ ಕೂತಿದೆ. ಐದು ನಿಮಿಷ ಗಾಳಿ ಹೊಡೆದ್ರೆ ಐಸ್ ಥರ ಇರತ್ತೆ.”

ನಾವಿಬ್ಬರೂ ಒಟ್ಟಿಗೇ ಹಾರಿ ಅವನ ಕೈ ಹಿಡಿದುಕೊಂಡೆವು. ಡಬ್ಬವನ್ನು ಇದ್ದಂತೆಯೇ ಮುಚ್ಚಿಸಿ, ಬಾಳೆಹಣ್ಣು ಕೊಟ್ಟು ಕಳಿಸಿದೆವು.

ಬರುವ ತಿಂಗಳು ಆಯುಧಪೂಜೆ. ಅರ್ಧ ಕೆ.ಜಿ. ವಿಭೂತಿ ತರಿಸಿಟ್ಟಿದ್ದೇನೆ.