ಎಡಗಡೆಯ ಕೆಳರೆಕ್ಕೆ

ರಿಮೋಟು ಕಳೆದಂದಿನಿಂದ ಇನ್ಸ್‌ಪೆಕ್ಟರರಿಗೆ ಅತ್ತೆಯ ಜ್ಞಾಪಕಶಕ್ತಿಯ ಬಗ್ಗೆ ವಿಪರೀತ ಕಾಳಜಿ ಹುಟ್ಟಿಕೊಂಡಿತ್ತು.

"ವಯಸ್ಸಾದ ಮೇಲೆ ಇದೆಲ್ಲ ಸಹಜ, ಅತ್ತೆ. ಎಲ್ಲಿಟ್ಟಿರಿ ಅಂತ ನಿಧಾನವಾಗಿ ಯೋಚನೆ ಮಾಡಿ."

"ಇಟ್ಟಿದ್ರೆ ತಾನೇ ಯೋಚನೆ ಮಾಡೋದು, ಅಳಿಯಂದಿರೇ," ಎಂದು ಅತ್ತೆ ಕಪ್ಪಗೆ ಕೂತ ಟಿವಿಯನ್ನೇ ನೋಡುತ್ತಿದ್ದರು. ಅದರ ಮೈಮೇಲಿನ ಗುಂಡಿ ಕೆಟ್ಟು ವರ್ಷವಾಗಿತ್ತು. ರಿಮೋಟಿಲ್ಲದಿದ್ದರೆ ಅದು ಬರೀ ಗೋಡೆ. ಧಾರಾವಾಹಿಯ ಸೊಸೆ ಆಸ್ಪತ್ರೆಯ ಹಾಸಿಗೆಯಲ್ಲಿ ಇನ್ನೇನು ಕಣ್ಣು ಬಿಡಬೇಕು ಅನ್ನುವ ಹೊತ್ತಿಗೆ ರಿಮೋಟು ಮಾಯವಾಗಿತ್ತು. ವಾರವಾಯಿತು, ಅವಳು ಬದುಕಿದಳೋ ಹೋದಳೋ ಹೇಳುವವರಿರಲಿಲ್ಲ.

ಇನ್ಸ್‌ಪೆಕ್ಟರರು ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಅಳತೆಗೋಲುಗಳನ್ನು ಪರೀಕ್ಷಿಸುವವರು. ಮುದ್ರೆಯಿಲ್ಲದ ಅಳತೆಗೋಲು ಕಂಡರೆ ಅಲ್ಲೇ ಜಪ್ತಿ. ಮನೆಯಲ್ಲಿ ಅವರ ಸಲಕರಣೆಗಳಿಗೊಂದು ಹಲಗೆಯಿತ್ತು. ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ಆಕಾರ, ಇಕ್ಕುಳದ ಜಾಗದಲ್ಲಿ ಇಕ್ಕುಳದ ಆಕಾರ ಬರೆದಿಟ್ಟಿದ್ದರು. ಇಂಥವರ ಕೈಯಲ್ಲಿ ಒಂದು ವಸ್ತು ಕಳೆಯುವುದು ಭೌತಶಾಸ್ತ್ರಕ್ಕೇ ವಿರುದ್ಧ (ಇದು ಅವರದೇ ಮಾತು).

ಸದ್ಯ ಹಜಾರದ ನಡುವೆ ಒಂದು ವಿಮಾನದ ರೆಕ್ಕೆ ಗೋಡೆಯ ಹಾಗೆ ನಿಂತಿತ್ತು. ಹಳೇ ವಿಮಾನಗಳ ಸಂಘದವರು ನೂರು ವರ್ಷ ಹಿಂದಿನ, ಎರಡಂತಸ್ತಿನ ರೆಕ್ಕೆಯ ವಿಮಾನವೊಂದನ್ನು ನಕ್ಷೆ ನೋಡಿ ಯಥಾವತ್ತಾಗಿ ಕಟ್ಟುತ್ತಿದ್ದರು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಅಂಗ. ಬ್ಯಾಂಕ್ ಮ್ಯಾನೇಜರರ ಮಂಚದ ಕೆಳಗೆ ಬಾಲ. ಸಂಘದ ಕಾರ್ಯದರ್ಶಿಯಾದ ಹಲ್ಲಿನ ಡಾಕ್ಟರರ ಶಾಪಿನಲ್ಲಿ, ರೋಗಿಗಳು ಕಾಯುವ ಬೆಂಚಿನ ಮೇಲೆ, ಮೂತಿಯ ಫ್ಯಾನು. ಇನ್ಸ್‌ಪೆಕ್ಟರರ ಪಾಲಿಗೆ ಎಡಗಡೆಯ ಕೆಳರೆಕ್ಕೆ ಬಂದಿತ್ತು. ಭಾನುವಾರ ಸಂಘದವರು ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ರೆಕ್ಕೆ ಬ್ಯಾಂಕ್ ಮ್ಯಾನೇಜರರಿಗೆ ವರ್ಗವಾಗುತ್ತದೆ. ಆ ಮನುಷ್ಯ ಮೊದಲಿನಿಂದಲೂ ಅದರ ಮೇಲೆ ಕಣ್ಣಿಟ್ಟಿದ್ದರು.

ಒಳಗಿನ ಮರದ ಪಟ್ಟಿಗಳನ್ನು ಅಂಟಿಸಿದ್ದು ಇನ್ಸ್‌ಪೆಕ್ಟರರೊಬ್ಬರೇ. ಮೇಲೆ ಬಟ್ಟೆ ಹೊದಿಸಿ ಹೊಲಿಯಲು ಮಾತ್ರ ಹೆಂಡತಿ ಬೇಕಾಯಿತು. ಆಚೆ ಒಬ್ಬರು, ಈಚೆ ಒಬ್ಬರು ಕೂತು ಉದ್ದನೆಯ ಸೂಜಿಯನ್ನು ರೆಕ್ಕೆಯ ಮೂಲಕ ದಾಟಿಸುವ ಕೆಲಸ. ಗಂಡ ಹೆಂಡತಿ ಮಾತು ಬಿಟ್ಟ ದಿನವೂ ಸೂಜಿ ಬಿಡುವಂತಿಲ್ಲ. ಹೆಂಡತಿ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು.

"ರೀ, ಮುಚ್ಚೋ ಮೊದಲು ಎಲ್ಲ ಎಣಿಸೋಣ," ಎಂದಿದ್ದಳು ಆಚೆಯಿಂದ. "ನಾವು ಹೊಟ್ಟೆ ಹೊಲಿಯೋ ಮುಂಚೆ ಕತ್ತರಿ, ಬಟ್ಟೆ ಚೂರು ಎಲ್ಲ ಎಣಿಸ್ತೀವಿ."

"ಇದು ಹೊಟ್ಟೆ ಅಲ್ಲ ಕಣೇ. ಹಲಗೆ ನೋಡು, ಒಂದು ಜಾಗ ಆದ್ರೂ ಖಾಲಿ ಇದೆಯಾ?"

"ಹಲಗೆ ಮೇಲೆ ಇಲ್ಲದ್ದೇನಾದ್ರೂ ಒಳಗಿದ್ರೆ?"

"ಹಲಗೆ ಮೇಲೆ ಇಲ್ಲದ್ದು ನನ್ನ ಸಲಕರಣೆಯೇ ಅಲ್ಲ."

ತರ್ಕ ಅಷ್ಟು ಗಟ್ಟಿಯಾಗಿದ್ದರಿಂದ ಅವಳು ಸೂಜಿ ದಾಟಿಸಿದಳು.

ಭಾನುವಾರ ಬೆಳಿಗ್ಗೆ ಧೂಳೊರೆಸಲು ರೆಕ್ಕೆಯನ್ನು ಓರೆ ಮಾಡಿದಾಗ ಒಳಗೆ ಏನೋ ಕಟಕಟ ಎಂದಿತು. ಇನ್ಸ್‌ಪೆಕ್ಟರರು ಹಲಗೆ ನೋಡಿದರು. ಎಲ್ಲ ಇತ್ತು.

"ನಿನ್ನ ಬೆರಳುಟೋಪಿ ಬಿದ್ದಿದೆ," ಎಂದರು.

ಹೆಂಡತಿ ಬೆರಳುಟೋಪಿ ತೊಟ್ಟ ಬೆರಳನ್ನೇ ಎತ್ತಿ ತೋರಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಸಂಘದವರ ಚಪ್ಪಲಿಗಳ ಸದ್ದಾಯಿತು.

ಹಲ್ಲಿನ ಡಾಕ್ಟರು ದವಡೆ ತಟ್ಟುವ ಹಾಗೆ ರೆಕ್ಕೆಯನ್ನು ತಟ್ಟುತ್ತ ಹೋದರು. ಕಟಕಟ.

"ಏನೋ ಅಲ್ಲಾಡ್ತಿದೆಯಲ್ಲ," ಎಂದರು ಬ್ಯಾಂಕ್ ಮ್ಯಾನೇಜರು, ಸಂತೋಷದಿಂದ.

ಡಾಕ್ಟರ ಮುಖ ಅರಳಿತು. "ಅಲ್ಲಾಡಲೇಬೇಕು ಸ್ವಾಮಿ. ಎಡಗಡೆಯ ಕೆಳರೆಕ್ಕೆ ಹಾರುವಾಗೆಲ್ಲ ಕಟಕಟ ಅಂತಿತ್ತು ಅಂತ ಅದನ್ನು ಹಾರಿಸಿದವರೇ ಬರೆದಿಟ್ಟಿದ್ದಾರೆ. ಇಷ್ಟು ಕರಾರುವಾಕ್ಕಾಗಿ ಯಾರು ಮಾಡ್ತಾರೆ?"

"ಪ್ರಯತ್ನಪೂರ್ವಕವಾಗಿಯೇ ಮಾಡಿದ್ದು," ಎಂದರು ಇನ್ಸ್‌ಪೆಕ್ಟರರು, ಹೆಂಡತಿಯ ಕಡೆ ನೋಡದೆ.

"ಪಟ್ಟಿಗಳ ನಡುವಿನ ಅಂತರವೂ ಕೂದಲೆಳೆ ತಪ್ಪಿಲ್ಲ. ಹೇಗೆ ಸಾಧಿಸಿದ್ರಿ?"

"ಸುಲಭ ಡಾಕ್ಟರೇ. ಸರಿಯಾಗಿ ಅಷ್ಟೇ ಉದ್ದದ್ದೊಂದು ಕೈಗೆ ಸಿಕ್ಕಿತ್ತು. ಪಟ್ಟಿಗಳ ನಡುವೆ ಅದನ್ನೇ ಇಡೋದು, ಅಂಟು ಒಣಗೋದು, ತೆಗೆದು ಮುಂದಿನ ಪಟ್ಟಿಗೆ ಇಡೋದು. ಕೊನೇ ಪಟ್ಟಿಗೆ ಇಟ್ಟು..."

ಇನ್ಸ್‌ಪೆಕ್ಟರರಿಗೆ ಇಟ್ಟದ್ದು ನೆನಪಿಗೆ ಬಂತು. ತೆಗೆದದ್ದು ಎಷ್ಟು ತಡಕಾಡಿದರೂ ಬರಲಿಲ್ಲ.

ಅದೇ ಕ್ಷಣಕ್ಕೆ ಡಾಕ್ಟರು ಇನ್ನೊಮ್ಮೆ ಕಟಕಟ ಕೇಳುವ ಆಸೆಯಿಂದ ರೆಕ್ಕೆಯನ್ನು ಓರೆ ಮಾಡಿದರು. ರೆಕ್ಕೆಯ ಆಚೆ ಟಿವಿ ತಾನಾಗಿ ಹೊತ್ತಿಕೊಂಡಿತು. (ರೆಕ್ಕೆಗೆ ಇನ್ನೂ ಬಣ್ಣ ಬಳಿದಿರಲಿಲ್ಲ. ರಿಮೋಟಿನ ಕಿರಣಕ್ಕೆ ತೆಳು ಬಟ್ಟೆ ಲೆಕ್ಕಕ್ಕಿಲ್ಲ. ಆ ಭಾಗದ ಭೌತಶಾಸ್ತ್ರ ಸರಿಯಾಗಿಯೇ ಇತ್ತು.) ಇನ್ನೊಂದು ಸಲ ಓರೆ ಮಾಡಿದಾಗ ಸದ್ದು ಜೋರಾಯಿತು.

"ಸದ್ಯ, ಇನ್ನೂ ಕಣ್ಣು ಬಿಟ್ಟಿಲ್ಲ ಹುಡುಗಿ," ಎಂದರು ಅತ್ತೆ. "ಡಾಕ್ಟರೇ, ರೆಕ್ಕೇನ ಹಾಗೇ ಹಿಡ್ಕೊಂಡಿರಿ."

"ಇದೂ ಮೂಲ ವಿಮಾನದಲ್ಲಿ ಇತ್ತೇ?" ಎಂದು ಬ್ಯಾಂಕ್ ಮ್ಯಾನೇಜರು ವಿನಯದಿಂದ ಕೇಳಿದರು.

ಹೆಂಡತಿ ಕೈ ತೊಳೆದು ಬಂದಳು, ಕತ್ತರಿ ತೆಗೆದುಕೊಂಡಳು. ಇಡೀ ಸಂಘ ಸುತ್ತ ನಿಂತಿರಲು ಹೊಲಿಗೆ ಬಿಚ್ಚಿ, ಒಂದು ತುದಿಯಲ್ಲಿ ಅಂಟು ಮೆತ್ತಿದ ರಿಮೋಟನ್ನು ಹೊರಗೆಳೆದು, ಮತ್ತೆ ಹೊಲಿದಳು. ಮುಚ್ಚುವ ಮೊದಲು ಎಲ್ಲವನ್ನೂ ಗಟ್ಟಿಯಾಗಿ ಎಣಿಸಿದಳು, ಗಂಡನ ಕನ್ನಡಕವನ್ನೂ ಸೇರಿಸಿ. ಡಾಕ್ಟರು ಆ ಹೊಲಿಗೆಯನ್ನು ಬಗ್ಗಿ ನೋಡಿ, ರೆಕ್ಕೆಯನ್ನು ಒಪ್ಪಿದ್ದೇವೆ, ಮೇಲಿನ ರೆಕ್ಕೆಯೂ ಈ ಮನೆಗೇ ಬರಲಿ, ಆದರೆ ಅದರ ಯಜಮಾನಿಕೆ ಸಿಸ್ಟರದು ಎಂದು ತೀರ್ಪು ಕೊಟ್ಟರು.

ಸಂಘದವರು ಹೋದ ಮೇಲೆ ಅತ್ತೆ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಳಿಯಂದಿರೇ, ಇದರಲ್ಲಿ ಅಳತೆ ಮಾಡಿದ್ರಾ?"

"ಹೂಂ, ಅತ್ತೆ."

"ಮುದ್ರೆ ಎಲ್ಲೂ ಕಾಣ್ತಿಲ್ಲವಲ್ಲ. ಮುದ್ರೆ ಇಲ್ಲದ ಅಳತೆಗೋಲು ಸಿಕ್ಕರೆ ನೀವು ಏನು ಮಾಡ್ತೀರಿ?"

ಇನ್ಸ್‌ಪೆಕ್ಟರರು ಪ್ರಾಮಾಣಿಕ ಮನುಷ್ಯ. "ಜಪ್ತಿ," ಎಂದರು.

ಅತ್ತೆ ತಲೆಯಾಡಿಸಿ ರಿಮೋಟನ್ನು ದಿಂಬಿನ ಕೆಳಗೆ ಸೇರಿಸಿದರು. ಅಂದಿನಿಂದ ಇನ್ಸ್‌ಪೆಕ್ಟರರು ವಾರ್ತೆ ನೋಡಬೇಕಾದರೆ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಕೇಳಬೇಕು. ಕೇಳಿದರೆ ಅತ್ತೆ ಕೊಡುತ್ತಾರೆ. ಆದರೆ ಕೊಡುವಾಗ ಒಮ್ಮೆ, ವಾಪಸು ಪಡೆಯುವಾಗ ಒಮ್ಮೆ, "ಒಂದು" ಎಂದು ಅಳಿಯನ ಕೈಲಿ ಗಟ್ಟಿಯಾಗಿ ಎಣಿಕೆ ಮಾಡಿಸುತ್ತಾರೆ.