ಮಿಠಾಯಿ ಅಂಗಡಿ ಮುಂದೆ ನಿಂತ ಜೆಸಿಬಿ

ಮನುಷ್ಯ ಸುಳ್ಳು ಹೇಳುವಾಗ ಕಣ್ಣಾದರೂ ತಪ್ಪಿಸುತ್ತಾನೆ. ಮೀಟರಿಗೆ ಆ ನಾಚಿಕೆಯೂ ಇಲ್ಲ. ಹಾಗಾಗಿ ನನ್ನ ಕೆಲಸದಲ್ಲಿ ತಮಾಷೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಕೊಳ್ಳೇಗಾಲದಲ್ಲಿ ಜೆಸಿಬಿ, ಟಿಪ್ಪರು, ಟ್ರ್ಯಾಕ್ಟರುಗಳನ್ನು ಬಾಡಿಗೆಗೆ ಬಿಡುವ ಯಜಮಾನರೊಬ್ಬರ ಆಫೀಸಿನಲ್ಲಿ ನಾನಿದ್ದೇನೆ. ಯಾವ ಗಾಡಿ ಎಲ್ಲಿದೆ, ಎಷ್ಟು ಹೊತ್ತು ದುಡಿಯಿತು ಎಂದು ಕಂಪ್ಯೂಟರಿನಲ್ಲಿ ನೋಡಿ, ತಪ್ಪು ರೀಡಿಂಗ್ ಬಂದರೆ ಹಿಡಿಯುವುದು ನನ್ನ ಕೆಲಸ. ಹಿಡಿಯುವುದೇನೋ ಸುಲಭ, ಯಜಮಾನರನ್ನು ನಂಬಿಸುವುದು ಕಷ್ಟ. ಲೆಕ್ಕ ಸ್ವಲ್ಪ ಏರುಪೇರಾದರೂ ಸಾಕು, ಜೆಸಿಬಿ ಡ್ರೈವರನ್ನು ಕೆಲಸದಿಂದ ಬಿಡಿಸುತ್ತೇನೆ ಎಂದು ಕೂಗಾಡುತ್ತಿದ್ದರು. ಆತ ಹನೂರು ಕಡೆಯವನು, ಐವತ್ತು ದಾಟಿದವನು. ಈ ಕೆಲಸ ಹೋದರೆ ಬೇರೆ ಯಾರೂ ಕರೆದು ಕೊಡುವಂತಿರಲಿಲ್ಲ. ಅವನ ಅನ್ನ ನನ್ನ ಕಂಪ್ಯೂಟರಿನ ಮೇಲೆ ನಿಂತಿದೆಯಲ್ಲ ಎಂದು ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಗಂಟೆ ಎಷ್ಟು?

ಜೆಸಿಬಿ ಒಟ್ಟು ಎಷ್ಟು ಗಂಟೆ ಓಡಿತು ಎಂದು ತೋರಿಸಲು ಅದರೊಳಗೇ ಒಂದು ಮೀಟರ್ ಇರುತ್ತದೆ. ನಾನು ಹೊಸದಾಗಿ ಸೇರಿದಾಗ ಅದನ್ನು ಆಗಷ್ಟೇ ಬದಲಿಸಿ ಸೊನ್ನೆಯಿಂದ ಶುರು ಮಾಡಿದ್ದರು. ದಿನಾ ಸಂಜೆ ಡ್ರೈವರಿಗೆ ಫೋನ್ ಮಾಡಿ, “ಅಣ್ಣಾ, ಗಂಟೆ ಎಷ್ಟಾಗದೆ?” ಎಂದು ಕೇಳುತ್ತಿದ್ದೆ.

ಮೊದಲ ದಿನ “ಐದೂವರೆ ಸಾ” ಎಂದ. ಮಾರನೆಯ ದಿನ “ಆರು ಸಾ” ಎಂದ. ಅದರ ಮಾರನೆಯ ದಿನ “ಐದೂಕಾಲು.” ಕಂಪ್ಯೂಟರ್ ಕೆಂಪಗಾಯಿತು. ಯಜಮಾನರು ಅದಕ್ಕಿಂತ ಕೆಂಪಗಾದರು. “ಮೀಟ್ರ ಇಂದಕ್ ತಿರುಗುಸ್ತಾವ್ನೆ, ಬುಡುಸ್ಬುಡು ಅವನ್ನ!” ಎಂದರು.

ನಾನು ಫೋನ್ ಮಾಡಿ ಕೇಳಿದೆ: “ಏನಣ್ಣ, ನೆನ್ನೆ ಆರು ಅಂದೆ, ಇವತ್ತು ಐದೂಕಾಲು ಅಂತೀಯ. ಗಂಟೆ ಯಾವತ್ತಾದ್ರೂ ಹಿಂದಕ್ಕೋಗ್ತದಾ?”

“ನೀವು ಇವತ್ತು ಬಿರ್ನೆ ಫೋನ್ ಮಾಡುದ್ರೆ ನಾನೇನ್ ಮಾಡ್ನಿ ಸಾ?” ಎಂದ.

ಡೀಸೆಲ್ ಕುಡಿಯದ ಗಾಡಿ

ಆಮೇಲೆ ಯಜಮಾನರ ಜೀಪೂ ಸೇರಿ ಎಲ್ಲ ಗಾಡಿಗೂ, ಎಲ್ಲಿದೆ ಎಂದು ತೋರಿಸುವ ಟ್ರ್ಯಾಕರ್ ಡಬ್ಬಿ ಕೂರಿಸಿದೆವು. ಕೀ ತಿರುಗಿಸಿದರೆ ಸಾಕು, ಡಬ್ಬಿ ಗಂಟೆ ಎಣಿಸುತ್ತದೆ. ಒಮ್ಮೆ ಬಂಡಳ್ಳಿಯಲ್ಲಿದ್ದ ಜೆಸಿಬಿ ಬೆಳಗಿನಿಂದ ಸಂಜೆವರೆಗೆ ಓಡಿದ ಲೆಕ್ಕ ಬಂತು. ಡೀಸೆಲ್ ಮಾತ್ರ ಇಳಿದೇ ಇರಲಿಲ್ಲ. ಯಜಮಾನರಿಗೆ ಆನಂದವೋ ಆನಂದ. “ಗಾಡಿ ಓಡ್ಸದು ಅಂದ್ರೆ ಇದು ಕಣಯ್ಯ! ಅವನ್ಗೊಂದು ಶಾಲು ಒದುಸ್ಬೇಕು” ಎಂದರು.

ಗಾಳಿ ಕುಡಿದು ಮಣ್ಣು ಅಗೆಯುವ ಗಾಡಿಯನ್ನು ನಾನಂತೂ ಕಂಡಿಲ್ಲ. ಬೈಕ್ ಹತ್ತಿ ಹೋಗಿ ನೋಡಿದರೆ, ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟೇ ಇಲ್ಲ. ಹುಣಸೆಮರದಡಿ ಜೆಸಿಬಿ ಸುಮ್ಮನೆ ನಿಂತಿದೆ. ಕೀ ಆನ್ ಆಗಿದೆ. ಕ್ಯಾಬಿನ್ ತುಂಬ ವೈರು, ವೈರಿನ ತುದಿಗೆಲ್ಲ ಬೀದಿಯವರ ಫೋನುಗಳು.

ವಿಷಯ ತಿಳಿಸಿದ್ದೇ ತಡ, ಯಜಮಾನರು ಫೋನಿನಲ್ಲಿ ಸಿಡಿದರು. “ಶಾಲು ಅತ್ಲಾಗಿರ್ಲಿ, ಇವತ್ತೇ ಬುಡುಸ್ತೀನಿ! ಕೊಡು ಅವನ್ಗೆ!” ನಾನು ಸ್ಪೀಕರ್ ಹಾಕಿ ಡ್ರೈವರಿನ ಮುಂದೆ ಹಿಡಿದೆ. ಬೈಗುಳ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ನನ್ನ ಫೋನಿನ ಚಾರ್ಜ್ ಮುಗಿದು ಆಫ್ ಆಯಿತು.

ಡ್ರೈವರ್ ಮೆಲ್ಲಗೆ ಕೈ ಚಾಚಿದ. “ತತ್ತನ್ನಿ ಸಾ, ಚಾರ್ಜಿಗೆ ಆಕ್ತೀನಿ. ಮಿಕ್ಕುದ್ದ ಆಮೇಲ್ ಬಯ್ಸ್ಕಳವು.”

ಬೊಟ್ಟು

ಡಬ್ಬಿಯ ಗಂಟೆಯನ್ನೂ ನಂಬುವಂತಿರಲಿಲ್ಲ. “ಗಂಟೆ ಎಷ್ಟು” ಎಂದು ಕೇಳುವುದನ್ನೇ ಬಿಟ್ಟು, ಮೀಟರಿನ ಫೋಟೋ ಕಳಿಸು ಎಂದಿದ್ದೆ. ಆಯುಧಪೂಜೆಯ ಮಾರನೆಯ ದಿನ ಬಂದ ಫೋಟೋದಲ್ಲಿ ಮೀಟರಿಗೆ ವಿಭೂತಿ ಬಳಿದಿತ್ತು. ಅಂಕಿಗಳ ನಡುವೆ ಕುಂಕುಮದ ಒಂದು ಬೊಟ್ಟು. ನಾನು ಅದನ್ನು ಪಾಯಿಂಟ್ ಎಂದು ಓದಿಕೊಂಡೆ. ನಾಲ್ಕು ಸಾವಿರ ಗಂಟೆ ದಾಟಿದ್ದ ಗಾಡಿ ಒಂದೇ ದಿನದಲ್ಲಿ ನಲವತ್ತೊಂದಕ್ಕೆ ಇಳಿಯಿತು.

“ಅಣ್ಣಾ, ಆ ಬೊಟ್ಟು ಒರೆಸಿ ಇನ್ನೊಂದು ಫೋಟೋ ಕಳ್ಸು” ಎಂದೆ.

“ಆಗಲ್ಲ ಸಾ. ಬೊಟ್ ಇಟ್ಟೋರು ಯಜಮಾನ್ರು. ಒರುಸುದ್ರೆ ಅದುಕ್ಕೂ ಬುಡುಸ್ತಾರೆ.”

ಮಿಠಾಯಿ ಅಂಗಡಿ

ಅದೇ ತಿಂಗಳು ನಿಜವಾದ ಗಂಡಾಂತರ ಬಂತು. ಬಂಡಳ್ಳಿಯಲ್ಲಿ ಕಾಲುವೆ ತೋಡಬೇಕಾದ ಜೆಸಿಬಿ, ದಿನಾ ಸಂಜೆ ನಾಲ್ಕಕ್ಕೆ ಯಳಂದೂರಿನ ಒಂದು ಮಿಠಾಯಿ ಅಂಗಡಿ ಮುಂದೆ ನಿಂತಿರುವುದಾಗಿ ಕಂಪ್ಯೂಟರ್ ತೋರಿಸಿತು. ನಾನು ಇನ್ನೂ ವಿಚಾರಿಸುವ ಮೊದಲೇ ಯಜಮಾನರು ಅದನ್ನು ನೋಡಿಬಿಟ್ಟರು. ಡ್ರೈವರನ್ನು ಆಫೀಸಿಗೆ ಕರೆಸಿದರು. ಸಂತೆಗೆಂದು ಬಂದಿದ್ದ ಯಜಮಾನರ ಹೆಂಡತಿಯೂ ಅಲ್ಲೇ ಕೂತಿದ್ದರು.

“ಕೀ ಮಡುಗ್ಲಾ ಮೇಜಿನ್ ಮ್ಯಾಲೆ,” ಎಂದರು ಯಜಮಾನರು. “ನನ್ ಗಾಡೀಲಿ ಮಿಠಾಯಿ ತಿನ್ನಕ್ ಓಯ್ತೀಯ?”

“ದೇವ್ರಾಣೆ ಸಾ, ನಾನು ಬಂಡಳ್ಳಿ ಬುಟ್ಟು ಕದ್ಲಿಲ್ಲ.” ಹಾಗೆನ್ನುತ್ತಲೇ ಕೀ ಮೇಜಿನ ಮೇಲಿಟ್ಟ.

ನಾನು ತರಾತುರಿಯಲ್ಲಿ ಲೆಕ್ಕವನ್ನೆಲ್ಲ ತೆಗೆದು ನೋಡಿದರೆ, ಆಯುಧಪೂಜೆಯ ಮಾರನೆಯ ದಿನದಿಂದ ಜೆಸಿಬಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡಿದೆ! ಬೆಟ್ಟದಿಂದ ಉರುಳಿಸಿದರೂ ಆ ಗಾಡಿ ಅಷ್ಟು ಓಡುವುದಿಲ್ಲ.

“ಅಣ್ಣಾ, ಪೂಜೆ ದಿನ ಗಾಡಿ ತೊಳೆಯುವಾಗ ಡಬ್ಬಿ ಬಿಚ್ಚಿದ್ದಾ?”

“ಬಿಚ್ಚುದ್ದೆ ಸಾ, ನೀರ್ ಬೀಳ್ತದೆ ಅಂತ. ಇದ್ರದೂ ಬಿಚ್ಚುದ್ದೆ, ಯಜಮಾನ್ರ ಜೀಪುಂದೂ ಬಿಚ್ಚುದ್ದೆ. ತಿರ್ಗ ಆಕ್ದಿ.”

ಅವನನ್ನು ಉಳಿಸಿದ ಸಂತೋಷದಲ್ಲಿ ನಾನು ಎದ್ದು ನಿಂತು ಕೂಗಿಬಿಟ್ಟೆ: “ಡಬ್ಬಿ ಅದಲು ಬದಲಾಗಿದೆ ಸಾರ್! ಮಿಠಾಯಿ ಅಂಗಡಿ ಮುಂದೆ ನಿಂತಿದ್ದು ಜೆಸಿಬಿ ಅಲ್ಲ, ನಿಮ್ಮ ಜೀಪು!”

ಕೂಗಿದ ಮೇಲೆ ನೆನಪಾಯಿತು, ಯಜಮಾನರಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಆಣೆ ಇಟ್ಟಿದ್ದರು.

ಹೆಂಡತಿ ತಮ್ಮ ಫೋನ್ ತೆಗೆದರು. ಜೀಪು ಎಲ್ಲಿದೆಯೆಂದು ಅದರಲ್ಲಿ ಕಾಣುತ್ತಿತ್ತು. “ಅಂಗಾರೆ ದಿನಾ ಬಂಡಳ್ಳಿ ಕಾಲ್ವೇಲಿ ನಿಂತಿರದು ಯಾರು? ಇವ್ರು ಬಿಸ್ಲಲ್ ನಿಂತು ದುಡೀತಾವ್ರಲ್ಲ ಅಂತ ನಾನು ನಮ್ಮಕ್ಕನ್ಗೆಲ್ಲ ಏಳ್ಕಂಡಿದ್ನಲ್ಲ!”

“ಅದು ಜೆಸಿಬಿ ಅಕ್ಕಾ” ಎಂದ ಡ್ರೈವರ್, ಬಹಳ ವಿನಯದಿಂದ.

ಯಜಮಾನರು ಹಣೆ ಒರೆಸಿಕೊಂಡು ಕೀ ಎತ್ತಿ ಅವನ ಕೈಗೇ ಕೊಟ್ಟರು. “ನೀ ಓಗಪ್ಪ ಕೆಲ್ಸುಕ್ಕೆ. ನಿನ್ನಂತೋನ್ನ ಬುಡ್ಸಕ್ಕಾದದಾ? ಈ ಮೀಟ್ರುಗೊಳ್ನೆಲ್ಲ ನಂಬ್ಬಾರ್ದು ಕಣಮ್ಮಿ, ಬರೀ ಸುಳ್ಳು.”

ಹೆಂಡತಿ ಚೀಲ ಎತ್ತಿಕೊಂಡು ಎದ್ದರು.

“ಆಗ್ಲಿ, ಮನ್ಗೆ ಬನ್ನಿ. ಬೆರಳ್ಗೆ ಚುಚ್ಚಿ ಸಕ್ಕರೆ ನೋಡೋ ಮೀಟ್ರು ಒಂದದೆ. ಅದೇನೇಳ್ತದೋ ಅದ್ನೂ ಕೇಳ್ಬುಡವು.”